ಹಳೇ ಸ್ಟೀರಿಯೋ ಆಂಪ್ಲಿಫೈಯರ್ ರಿಪೇರಿ: ಒಂದು ಚಾನೆಲ್ ಕೆಟ್ಟಿದ್ದರೆ ಇನ್ನೊಂದನ್ನು ಕೇಳಿ

1970ರ ದಶಕದ ಟ್ರಾನ್ಸಿಸ್ಟರ್ ಸ್ಟೀರಿಯೋ ಆಂಪ್‌ನಲ್ಲಿ ಎಡಕ್ಕೊಂದು, ಬಲಕ್ಕೊಂದು ಒಂದೇ ಥರದ ಸರ್ಕ್ಯೂಟ್ ಇರುತ್ತದೆ. ಕೆಡುವುದು ಹೆಚ್ಚಾಗಿ ಒಂದು ಕಡೆ ಮಾತ್ರ. ಹಾಗಾಗಿ ಸರ್ವಿಸ್ ಮ್ಯಾನ್ಯುಯಲ್ ಸಿಗದಿದ್ದರೂ ಕೈಚೆಲ್ಲಬೇಕಿಲ್ಲ. ಚೆನ್ನಾಗಿರುವ ಚಾನೆಲ್‌ನಲ್ಲಿ ಸಿಕ್ಕ ವೋಲ್ಟೇಜನ್ನು ಕೆಟ್ಟ ಚಾನೆಲ್‌ನ ಅದೇ ಜಾಗದಲ್ಲಿ ಹುಡುಕುತ್ತಾ ಹೋಗಿ. ಎಲ್ಲಿ ಲೆಕ್ಕ ತಪ್ಪುತ್ತದೋ ಅದರ ಆಸುಪಾಸಿನಲ್ಲೇ ದೋಷವಿರುತ್ತದೆ.

ಮುಚ್ಚಳ ಬಿಚ್ಚುವ ಮೊದಲು ಟೇಪ್ ಮಾನಿಟರ್ ಸ್ವಿಚ್ ನೋಡಿ. ಅದು ಒತ್ತಿದ್ದರೆ ಆಂಪ್ ಟೇಪ್ ಡೆಕ್ಕಿನ ಸದ್ದನ್ನು ಮಾತ್ರ ಕೇಳಿಸುತ್ತದೆ, ಬೇರೆ ಸದ್ದೇ ಬರುವುದಿಲ್ಲ. ಒಂದು ಕಡೆ ಮಾತ್ರ ಮೌನವಾಗಿದ್ದರೆ ಇನ್‌ಪುಟ್ ವೈರುಗಳನ್ನು ಅದಲುಬದಲು ಮಾಡಿ. ದೋಷವೂ ಕಡೆ ಬದಲಿಸಿದರೆ ತೊಂದರೆ ವೈರಿನದು ಅಥವಾ ಪ್ಲೇಯರಿನದು, ಆಂಪ್‌ನದಲ್ಲ. ಮರಾಂಟ್ಸ್ 2270ರಂಥ ಸೆಟ್‌ಗಳ ಹಿಂಬದಿಯಲ್ಲಿ ಪ್ರೀ-ಔಟ್ (ಮೊದಲ ಹಂತದ ಔಟ್‌ಪುಟ್) ಮತ್ತು ಮೇನ್-ಇನ್ (ಪವರ್ ಹಂತದ ಇನ್‌ಪುಟ್) ಸೇರಿಸುವ ಜಂಪರ್‌ಗಳಿರುತ್ತವೆ. ಅವು ಕಿಲುಬು ಹಿಡಿದರೂ ಒಂದು ಚಾನೆಲ್ ಮಾಯವಾಗುತ್ತದೆ. ಅಮೆರಿಕದಿಂದ ತಂದ ಸೆಟ್ 120 ವೋಲ್ಟಿನದು, ಜಪಾನಿನ ಒಳಮಾರುಕಟ್ಟೆಯದು 100 ವೋಲ್ಟಿನದು. ಹಿಂದಿನ ಪಟ್ಟಿ ಓದದೆ ನಮ್ಮ 230 ವೋಲ್ಟಿಗೆ ಚುಚ್ಚಬೇಡಿ.

ಮುಚ್ಚಳ ತೆಗೆದ ಮೇಲೆ, ಪ್ಲಗ್ ಕಿತ್ತಿದ್ದರೂ ದೊಡ್ಡ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. 100 ಓಮ್, 10 ವ್ಯಾಟ್ ರೆಸಿಸ್ಟರ್ ಕಾಲುಗಳಿಗೆ ಇನ್ಸುಲೇಟೆಡ್ ವೈರು ಬೆಸೆದು, ಪ್ರತಿ ಕೆಪಾಸಿಟರ್‌ಗೂ ಹತ್ತು ಸೆಕೆಂಡು ಹಿಡಿದು ಇಳಿಸಿ, ಮಲ್ಟಿಮೀಟರಿನಲ್ಲಿ ಖಾತ್ರಿ ಮಾಡಿಕೊಳ್ಳಿ. ಸ್ಕ್ರೂ ಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಪದ್ಧತಿ ಬೇಡ.

ಮೊದಲ ಸಲ ಆನ್ ಮಾಡುವಾಗ ಸೀರೀಸ್ ಬಲ್ಬ್ ಕಡ್ಡಾಯ. ಫೇಸ್ ವೈರಿನ ಮಧ್ಯೆ 60 ಅಥವಾ 100 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಸೇರಿಸಿ, ಎಲ್‌ಇಡಿ ನಡೆಯುವುದಿಲ್ಲ. ಸ್ಪೀಕರ್ ಕಳಚಿಡಿ. ಬಲ್ಬ್ ಒಮ್ಮೆ ಉರಿದು ಮಂಕಾದರೆ ಮುಂದುವರಿಯಿರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಶಾರ್ಟ್ ಇದೆ, ಹೆಚ್ಚಾಗಿ ಔಟ್‌ಪುಟ್ ಟ್ರಾನ್ಸಿಸ್ಟರ್. ಫ್ಯೂಸ್ ಮತ್ತೆ ಮತ್ತೆ ಹಾರುವುದಕ್ಕೂ ಅದೇ ಕಾರಣ. ಅಲ್ಲಿ ತಂತಿ ಸುತ್ತಿದರೆ ಟ್ರಾನ್ಸ್‌ಫಾರ್ಮರೇ ಸುಟ್ಟೀತು, ಅದಕ್ಕೆ ಬದಲಿ ಸಿಗುವುದು ಬಹಳ ಕಷ್ಟ.

2ಎನ್3055 ಥರದ ಲೋಹದ ಟ್ರಾನ್ಸಿಸ್ಟರಿನಲ್ಲಿ ಮೈಯೇ ಕಲೆಕ್ಟರ್, ಎರಡು ಕಾಲುಗಳು ಬೇಸ್ ಮತ್ತು ಎಮಿಟರ್. ಬಿಚ್ಚಿ ಮಲ್ಟಿಮೀಟರಿನ ಡಯೋಡ್ ಮೋಡಿನಲ್ಲಿ ನೋಡಿ: ಬೇಸಿನಿಂದ ಎಮಿಟರ್‌ಗೂ ಕಲೆಕ್ಟರ್‌ಗೂ 0.5ರಿಂದ 0.7 ವೋಲ್ಟ್ ತೋರಿಸಬೇಕು. ಕಲೆಕ್ಟರ್–ಎಮಿಟರ್ ನಡುವೆ ಎರಡೂ ದಿಕ್ಕಿನಲ್ಲಿ ಸೊನ್ನೆ ಬಂದರೆ ಅದು ಹೋಗಿದೆ. ಹೊಸದನ್ನು ಹಾಕಿ ಕೂಡಲೇ ಆನ್ ಮಾಡುವುದೇ ಇಲ್ಲಿ ಎಲ್ಲರೂ ಎಡವುವ ಜಾಗ. ಔಟ್‌ಪುಟ್ ಸುಟ್ಟಾಗ ಡ್ರೈವರ್ ಟ್ರಾನ್ಸಿಸ್ಟರ್, ಎಮಿಟರ್ ರೆಸಿಸ್ಟರ್, ಬಯಾಸ್ (ಸಿಗ್ನಲ್ ಇಲ್ಲದಾಗಲೂ ಔಟ್‌ಪುಟ್ ಟ್ರಾನ್ಸಿಸ್ಟರಿನಲ್ಲಿ ಹರಿಯುವ ಸಣ್ಣ ಕರೆಂಟ್) ಕಾಯುವ ಡಯೋಡ್ ಕೂಡ ಹೋಗಿರುವ ಸಾಧ್ಯತೆ ಹೆಚ್ಚು. ಒಂದೊಂದನ್ನೂ ಒಳ್ಳೆಯ ಚಾನೆಲ್‌ನ ಜೊತೆ ಹೋಲಿಸಿ, ಕೆಟ್ಟದ್ದನ್ನೆಲ್ಲ ಒಟ್ಟಿಗೇ ಬದಲಿಸಿ. ಒಂದು ಉಳಿದರೂ ಹೊಸದು ಕ್ಷಣದಲ್ಲಿ ಸುಡುತ್ತದೆ. ಟ್ರಾನ್ಸಿಸ್ಟರಿಗೂ ಹೀಟ್ ಸಿಂಕಿಗೂ ನಡುವಿನ ಮೈಕಾ ಹಾಳೆಯ ಎರಡೂ ಬದಿಗೆ ಹೀಟ್ ಸಿಂಕ್ ಪೇಸ್ಟ್ ತೆಳ್ಳಗೆ ಸವರಿ, ಸ್ಕ್ರೂ ಬಿಗಿದ ಮೇಲೆ ಟ್ರಾನ್ಸಿಸ್ಟರಿನ ಮೈಗೂ ಹೀಟ್ ಸಿಂಕಿಗೂ ಸಂಪರ್ಕವಿಲ್ಲವೆಂದು ನೋಡಿ. ಪವರ್ ಟ್ರಾನ್ಸಿಸ್ಟರ್‌ಗಳಲ್ಲಿ ನಕಲಿ ಬಹಳ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಳ್ಳುವುದಾದರೂ ಅಗ್ಗದ್ದಕ್ಕೆ ಮನಸೋಲಬೇಡಿ.

ಸ್ಪೀಕರ್ ಇಲ್ಲದೆ ಅದರ ಟರ್ಮಿನಲ್‌ನಲ್ಲಿ ಡಿಸಿ ಅಳೆಯಿರಿ. ರಿಲೇ (ಸ್ಪೀಕರನ್ನು ತಾನೇ ಜೋಡಿಸುವ ಒಳಗಿನ ಸ್ವಿಚ್) ಇದ್ದು ಅದು ಜೋಡಿಸದಿದ್ದರೆ ಅದರ ಹಿಂದಿನ ಬೋರ್ಡಿನಲ್ಲಿ ಅಳೆಯಬೇಕು. 50 ಮಿಲಿವೋಲ್ಟ್ ಒಳಗಿದ್ದರೆ ಸರಿ, 100 ದಾಟಿದರೆ ಕಾರಣ ಹುಡುಕಿ. ಬಲ್ಬ್ ತೆಗೆದು, ಸಿಗ್ನಲ್ ಕೊಡದೆ ಕಾಲು ಗಂಟೆ ಬಿಟ್ಟು, ಎಮಿಟರ್ ರೆಸಿಸ್ಟರಿನ ಎರಡು ತುದಿಗಳ ನಡುವೆ ಬಯಾಸ್ ನೋಡಿ: 0.47 ಓಮ್‌ಗೆ 10 ಮಿಲಿವೋಲ್ಟ್ ಎಂದರೆ ಸುಮಾರು 21 ಮಿಲಿಆಂಪ್. ಬೇಕಾದ ಅಂಕಿ ಮ್ಯಾನ್ಯುಯಲ್‌ನಲ್ಲಿರುತ್ತದೆ. ಬಯಾಸ್ ಹೊಂದಿಸುವ ಪುಟ್ಟ ತಿರುಗು ರೆಸಿಸ್ಟರ್, ಅಂದರೆ ಹಳೇ ತೆರೆದ ಟ್ರಿಮ್‌ಪಾಟನ್ನು ನಂಬಲೇಬೇಡಿ. ಎಷ್ಟೋ ವಿನ್ಯಾಸಗಳಲ್ಲಿ ಅದರ ಒಳಗಿನ ಕೈ ಸಂಪರ್ಕ ಬಿಟ್ಟರೆ ಬಯಾಸ್ ಒಮ್ಮೆಲೇ ಮೇಲೇರಿ ಔಟ್‌ಪುಟ್ ಸುಡುತ್ತದೆ. ಮಲ್ಟಿಟರ್ನ್ ಟ್ರಿಮ್‌ಪಾಟನ್ನು ಹಳೆಯದರ ಓಮ್‌ಗೇ ತಿರುಗಿಸಿಟ್ಟು ಬೆಸೆಯಿರಿ.

ವಾಲ್ಯೂಮ್ ಇಳಿಸಿದರೂ ಚರಚರ ಸದ್ದು ಬರುತ್ತಿದ್ದರೆ ಸಣ್ಣ ಟ್ರಾನ್ಸಿಸ್ಟರ್‌ಗಳ ಕಾಲು ಕಪ್ಪಾಗಿದೆಯೇ ನೋಡಿ. 2ಎಸ್‌ಸಿ458 ಇದಕ್ಕೆ ಕುಖ್ಯಾತ. ಕೆಎಸ್‌ಸಿ1845 ಅದೇ ಕಾಲಿನ ಕ್ರಮದಲ್ಲಿ ಕೂರುತ್ತದೆ. ಬಿಸಿ547ರ ಕಾಲುಗಳ ಕ್ರಮವೇ ಬೇರೆ, ಹಾಗೇ ಚುಚ್ಚಬೇಡಿ. ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಬದಲಿಸುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚು, 105 ಡಿಗ್ರಿಯದು. ಬುಡದಲ್ಲಿ ಕಂದು ಬಣ್ಣಕ್ಕೆ ತಿರುಗಿದ ಅಂಟಿದ್ದರೆ ಪೂರ್ತಿ ಕೆರೆದು ತೆಗೆಯಿರಿ, ಅದು ಪಕ್ಕದ ಕಾಲುಗಳನ್ನು ತಿನ್ನುತ್ತದೆ.

ವಾಲ್ಯೂಮ್ ತಿರುಗಿಸುವಾಗ ಮಾತ್ರ ಕರಕರ ಎಂದರೆ ಗುಂಡಿಯ ಹಿಂದಿನ ಪಾಟ್‌ನ ಸಂದಿನೊಳಗೆ ಕಾಂಟ್ಯಾಕ್ಟ್ ಕ್ಲೀನರ್ ಸ್ವಲ್ಪ ಚಿಮ್ಮಿಸಿ, ಈ ತುದಿಯಿಂದ ಆ ತುದಿಗೆ ಇಪ್ಪತ್ತು–ಮೂವತ್ತು ಸಲ ತಿರುಗಿಸಿ. ಮಾಮೂಲಿ ಡಬ್ಲ್ಯೂಡಿ-40 ಇದಕ್ಕಲ್ಲ. ಸಣ್ಣ ಸದ್ದಿನಲ್ಲಿ ಒಂದು ಕಡೆ ಹೋಗಿ, ವಾಲ್ಯೂಮ್ ಏರಿಸಿದಾಗ ಮರಳಿದರೆ ರಿಲೇ ಕಾಂಟ್ಯಾಕ್ಟ್ ಕಪ್ಪಾಗಿದೆ ಎಂದೇ ಮೊದಲು ಅನುಮಾನಿಸಿ. ಉಪ್ಪುಕಾಗದದಿಂದ ಉಜ್ಜಿದರೆ ಮೇಲಿನ ಲೇಪ ಹೋಗುತ್ತದೆ. ಅದೇ ಕಾಯಿಲ್ ವೋಲ್ಟೇಜಿನ ಹೊಸ ರಿಲೇ ಹಾಕಿ.

ಕರಾವಳಿ, ಮಲೆನಾಡಿನಲ್ಲಿ ಮಳೆಗಾಲ ಮುಗಿಯುವ ತನಕ ವಾರಕ್ಕೊಮ್ಮೆ ಒಂದು ಗಂಟೆ ಹಾಡಿಸಿ, ಸ್ವಿಚ್‌ಗಳನ್ನೆಲ್ಲ ನಾಲ್ಕು ಸಲ ಆಡಿಸಿ. ಮೇಲಿನ ಗಾಳಿಕಿಂಡಿ ಮುಚ್ಚುವಂತೆ ಏನನ್ನೂ ಇಡಬೇಡಿ.