ಕಾಸರಗೋಡಿಗೆ ಕೆಲಸಕ್ಕೆ ಬರುವವರು ಮನೆ ಎಲ್ಲಿ ಹಿಡಿಯಬೇಕು?

ಕೆಲಸ ಚಂದ್ರಗಿರಿ ಹೊಳೆಯ ಯಾವ ದಡದಲ್ಲಿದೆ ಎಂಬುದನ್ನು ಮೊದಲು ನೋಡಿ. ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಕಾಞಂಗಾಡು ಹತ್ತಿರ. ಆದರೆ ಕನ್ನಡ ಮಾಧ್ಯಮದ ಶಾಲೆಗಳು ಹೆಚ್ಚಿರುವುದು ಹೊಳೆಯ ಬಡಗು ಬದಿಗೆ, ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳಲ್ಲಿ. ಸೀತಾಂಗೋಳಿಯ ಎಚ್‌ಎಎಲ್‌ಗೆ ಬದಿಯಡ್ಕವೂ ಆದೀತು, ಕುಂಬಳೆಯೂ ಆದೀತು. ರೈಲು ಬೇಕಿದ್ದರೆ ಕುಂಬಳೆಯೇ. ಮಂಗಳೂರಿಗೆ ದಿನಾ ಹೋಗಿಬರುವವರಿಗೆ ಮಂಜೇಶ್ವರ, ಉಪ್ಪಳ ಅನುಕೂಲ. ಸ್ಟೇಷನ್ ಇದ್ದಲ್ಲೆಲ್ಲ ಎಕ್ಸ್‌ಪ್ರೆಸ್ ನಿಲ್ಲದು, ಪ್ಯಾಸೆಂಜರ್ ರೈಲಿನ ಹೊತ್ತು ನಿಮ್ಮ ಡ್ಯೂಟಿಗೆ ಹೊಂದುತ್ತದೆಯೇ ನೋಡಿಕೊಳ್ಳಿ.

ಬಾಡಿಗೆಗಿಂತ ನೀರು ಮುಖ್ಯ. ಮಳೆಗಾಲದಲ್ಲಿ ಮನೆ ನೋಡಿದರೆ ಎಲ್ಲ ಬಾವಿಯೂ ತುಂಬಿಯೇ ಕಾಣುತ್ತದೆ! ಏಪ್ರಿಲ್, ಮೇಯಲ್ಲಿ ಕಡಲ ಬದಿಯ ಬಾವಿಗೆ ಉಪ್ಪು ಹತ್ತಬಹುದು, ಮುರಕಲ್ಲಿನ ಗುಡ್ಡದ ಮೇಲಿನದು ಬತ್ತಬಹುದು. ಬೇಸಗೆಯಲ್ಲಿ ಟ್ಯಾಂಕರ್ ಬರುತ್ತದೆಯೇ ಎಂದು ಓನರನ್ನಲ್ಲ, ನೆರೆಮನೆಯವರನ್ನು ಕೇಳಿ.

ಕರಾರು ಸಾಮಾನ್ಯವಾಗಿ 11 ತಿಂಗಳಿಗೆ. ವರ್ಷ ಮೀರಿದರೆ ನೋಂದಣಿ ಕಡ್ಡಾಯ. ಕರ್ನಾಟಕದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಳ್ಳುವುದಾದರೆ ಕೇರಳದ ನಂಬರ್ ಬೇಕು. ಹಳೆಯ ಆರ್‌ಟಿಒದ ಎನ್‌ಒಸಿಯನ್ನು ಊರು ಬಿಡುವಾಗಲೇ ಕೇಳಿಟ್ಟುಕೊಳ್ಳಿ.