ಗೋಡೆ ಕೊರೆಯದೆ ಮಂಚದ ಪಕ್ಕಕ್ಕೊಂದು ಸ್ವಿಚ್

ಹಳೆಯ ಮನೆಗಳಲ್ಲಿ ಸ್ವಿಚ್ ಬೋರ್ಡ್ ಬಾಗಿಲ ಬಳಿ, ಮಂಚ ಎದುರು ಮೂಲೆಯಲ್ಲಿ. ನಡುರಾತ್ರಿ ಎದ್ದ ಹಿರಿಯರು ಕತ್ತಲಲ್ಲಿ ಗೋಡೆ ತಡವುತ್ತಾ ಹೋಗಬೇಕು. ಹೊಸ ವೈರ್ ಎಳೆಯಲು ಹೊರಟರೆ ಗೋಡೆ ಕೊರೆಯಬೇಕು, ಸಿಮೆಂಟ್ ಮೆತ್ತಬೇಕು, ಬಣ್ಣ ಬಳಿಯಬೇಕು. ಬಾಡಿಗೆ ಮನೆಯಾದರೆ ಮಾಲೀಕರನ್ನೂ ಒಪ್ಪಿಸಬೇಕು. ವೈರ್‌ಲೆಸ್ ಸ್ವಿಚ್ ಈ ರಗಳೆಯನ್ನೆಲ್ಲ ತಪ್ಪಿಸುತ್ತದೆ.

ಇದರಲ್ಲಿ ಎರಡು ಭಾಗ: ಕೈಯಲ್ಲಿ ಒತ್ತುವ ಸ್ವಿಚ್ ಒಂದು, ದೀಪದ ವೈರಿಗೆ ಸೇರಿಸುವ ಪುಟ್ಟ ರಿಸೀವರ್ ಇನ್ನೊಂದು. ಬ್ಯಾಟರಿ ಬೇಡದ ‘ಕೈನೆಟಿಕ್’ ಸ್ವಿಚ್ಚನ್ನೇ ಕೊಳ್ಳಿ. ಒತ್ತಿದ ರಭಸಕ್ಕೆ ಒಳಗಿನ ಆಯಸ್ಕಾಂತ ಮತ್ತು ತಂತಿಸುರುಳಿ ಸೇರಿ ಕ್ಷಣಮಾತ್ರ ವಿದ್ಯುತ್ ಹುಟ್ಟಿಸುತ್ತವೆ; ಒಂದು ರೇಡಿಯೊ ಸಂದೇಶಕ್ಕೆ ಅಷ್ಟು ಸಾಕು. ಹಳೆಯ ಸೈಕಲ್ಲಿನ ಡೈನಮೋದ ತಮ್ಮನೆನ್ನಿ. ವೈಫೈ ಬಗೆಯವೂ ಇವೆ. ಆದರೆ ಪಾಸ್‌ವರ್ಡ್ ಬದಲಾದಾಗಲೆಲ್ಲ ದೀಪಕ್ಕೂ ಅದನ್ನು ಕಲಿಸುವ ತಾಳ್ಮೆ ನನಗಿಲ್ಲ.

ರಿಸೀವರ್ ಎಲ್ಲಿ ಕೂರಬೇಕು? ಹಲವರು ಬೋರ್ಡ್ ಬಿಚ್ಚಿ ಪೇಚಿಗೆ ಸಿಲುಕುವುದು ಇಲ್ಲೇ. ಅದಕ್ಕೆ ಕರೆಂಟ್ ತರುವ ವೈರ್ ಫೇಸ್, ಅದು ಮರಳುವ ವೈರ್ ನ್ಯೂಟ್ರಲ್, ಎರಡೂ ಬೇಕು. ಪ್ಲಗ್ ಇಲ್ಲದ ಬೋರ್ಡಿನಲ್ಲಿ ಹೆಚ್ಚಾಗಿ ಫೇಸ್ ಮಾತ್ರ ಇರುತ್ತದೆ; ನ್ಯೂಟ್ರಲ್ ನೇರ ದೀಪಕ್ಕೆ ಹೋಗಿರುತ್ತದೆ. ನ್ಯೂಟ್ರಲ್ ಬೇಡದ ರಿಸೀವರ್‌ಗಳು ದೀಪದ ಮೂಲಕವೇ ಕೊಂಚ ಕರೆಂಟ್ ಎಳೆದುಕೊಳ್ಳುವುದರಿಂದ, ಆರಿಸಿದ ಮೇಲೂ ಸಣ್ಣ ಎಲ್‌ಇಡಿ ಬಲ್ಬ್ ಮಿಣುಕುವುದುಂಟು. ಆದ್ದರಿಂದ ಎರಡೂ ವೈರ್ ಸಿಗುವ ಸೀಲಿಂಗ್ ರೋಸ್ (ಚಾವಣಿಯಲ್ಲಿ ದೀಪದ ವೈರ್ ಸೇರಿಸುವ ಗುಂಡು ಡಬ್ಬಿ) ಬಳಿಯೇ ಕೂರಿಸಿ. ಕಬ್ಬಿಣದ ಪೆಟ್ಟಿಗೆಯೊಳಗೆ ಮಾತ್ರ ಬೇಡ, ಸಂಕೇತ ತಲುಪುವುದಿಲ್ಲ.

ಮೊದಲು ಮೇನ್ ಆಫ್ ಮಾಡಿ. ಇನ್ವರ್ಟರ್ ಇದ್ದರೆ ಅದನ್ನೂ. ಇದನ್ನು ಮರೆತರೆ ಮೇನ್ ಆಫ್ ಆಗಿದ್ದರೂ ಆ ಲೈನಿನಲ್ಲಿ 230 ವೋಲ್ಟ್ ಇದ್ದೇ ಇರುತ್ತದೆ. ಟೆಸ್ಟರ್ ಉರಿಯುತ್ತದೆಯೇ ಎಂದು ಕರೆಂಟ್ ಇದ್ದಾಗಲೇ ಪ್ಲಗ್ಗಿನಲ್ಲಿ ನೋಡಿಕೊಂಡು, ಆಮೇಲೆ ರೋಸ್‌ನಲ್ಲಿ ಹಿಡಿಯಿರಿ; ಅಲ್ಲಿ ಉರಿಯಬಾರದು. ಏಣಿಯ ಮೇಲಿನ ಈ ಕೆಲಸ ರೂಢಿಯಿಲ್ಲದಿದ್ದರೆ ಪರವಾನಗಿ ಇರುವ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ.

ಹಳೆಯ ಸ್ವಿಚ್ಚಿನಿಂದ ಬರುವ ಫೇಸ್ ಮತ್ತು ನ್ಯೂಟ್ರಲ್ ರಿಸೀವರಿನ ‘ಇನ್’ ಕಡೆಗೆ, ದೀಪದ ಎರಡು ವೈರ್ ‘ಔಟ್’ ಕಡೆಗೆ. ಸ್ಕ್ರೂ ಬಿಗಿಮಾಡಿ ವೈರನ್ನು ಒಮ್ಮೆ ಎಳೆದು ನೋಡಿ. ಮುಚ್ಚಳ ಹಾಕಿ ಕರೆಂಟ್ ಕೊಟ್ಟು, ಪೆಟ್ಟಿಗೆಯ ಮೇಲಿನ ಸೂಚನೆಯಂತೆ ಸ್ವಿಚ್ಚನ್ನು ರಿಸೀವರ್‌ಗೆ ಪರಿಚಯಿಸಿ.

ಇನ್ನು ಮುಂದೆ ಹಳೆಯ ಸ್ವಿಚ್ ಸದಾ ಆನ್ ಇರಬೇಕು. ಅಭ್ಯಾಸಬಲದಿಂದ ಯಾರಾದರೂ ಆರಿಸಿದರೆ ಹೊಸದು ಸತ್ತಂತೆಯೇ. ಒಂದೇ ರಿಸೀವರ್ ಹಲವು ಸ್ವಿಚ್‌ಗಳ ಮಾತು ಕೇಳುವಂತಿದ್ದರೆ ಬಾಗಿಲ ಬಳಿಯೂ ಒಂದನ್ನು ಅಂಟಿಸಿಬಿಡಿ. ಕೊಳ್ಳುವಾಗಲೇ ಇನ್ನೊಂದು ಕೇಳಿ: ಹೋದ ಕರೆಂಟ್ ಬಂದಾಗ ದೀಪ ಆರಿಯೇ ಇರುತ್ತದೆಯೇ? ನಾವು ಮೊದಲು ತಂದದ್ದು ರಾತ್ರಿ ಎರಡೂವರೆಗೆ ಕೋಣೆಯನ್ನೆಲ್ಲ ಬೆಳಗಿ ಎಲ್ಲರನ್ನೂ ಎಬ್ಬಿಸಿತ್ತು.

ಕೊನೆಗೆ ಸ್ವಿಚ್ಚನ್ನು ಗೋಡೆಗೆ ಅಂಟಿಸುವ ಟೇಪು. ನಾನು ನಿಂತು ಅಳೆದು, ಚೆಂದ ಕಂಡ ಎತ್ತರಕ್ಕೆ ಅಂಟಿಸಿದ್ದೆ. ಅಮ್ಮ ಮಲಗಿ ಕೈ ಚಾಚಿದರೆ ಒಂದು ಗೇಣು ಕೆಳಗೆ ಬಿತ್ತು. ಕಿತ್ತು ಅಲ್ಲಿಗೇ ಅಂಟಿಸಿದೆ.