ಒಂಟಿಮನೆಗಳಿಗೆ ಫೈಬರ್ ಎಳೆದದ್ದು

ಮಲೆನಾಡಿನಲ್ಲಿ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ. ತೋಟಕ್ಕೊಂದು ಮನೆ, ನಡುವೆ ಗುಡ್ಡ, ಹಳ್ಳ. ಶೃಂಗೇರಿ ಕಡೆಯ ನಮ್ಮೂರೂ ಹಾಗೆಯೇ. ಒಂದು ಕಿಲೋಮೀಟರ್ ಕೇಬಲ್ ಎಳೆದರೆ ಎಷ್ಟು ಇಂಟರ್ನೆಟ್ ಕನೆಕ್ಷನ್ ಸಿಗುತ್ತದೆ ಎಂದು ಕಂಪನಿಗಳು ಲೆಕ್ಕ ಹಾಕುತ್ತವೆ. ಆ ಲೆಕ್ಕದಲ್ಲಿ ನಮ್ಮಂಥ ಊರು ಪಾಸಾಗುವುದೇ ಇಲ್ಲ. 2020ರ ಲಾಕ್‌ಡೌನ್‌ನಲ್ಲಿ ಮಕ್ಕಳು ಗುಡ್ಡದ ತುದಿಯಲ್ಲಿ ಕೊಡೆ ಹಿಡಿದು ಕೂತು ಪಾಠ ಕೇಳಿದರು. ಇನ್ನು ಯಾರಿಗೂ ಕಾಯುವುದು ಬೇಡ ಅನ್ನಿಸಿತು.

ಪೇಟೆಯಲ್ಲಿ ಕೇಬಲ್ ಟೀವಿ ನಡೆಸುವವರೊಬ್ಬರು ಫೈಬರ್, ಅಂದರೆ ಬೆಳಕಿನಲ್ಲಿ ಇಂಟರ್ನೆಟ್ ಸಾಗಿಸುವ ಗಾಜಿನ ಎಳೆಯ, ಕನೆಕ್ಷನ್ ಕೊಡಲು ಶುರು ಮಾಡಿದ್ದರು. ಅವರ ಲೈನ್ ಟಾರು ರಸ್ತೆವರೆಗೆ ಬಂದಿತ್ತು. "ಅಲ್ಲಿಂದಾಚೆ ಕೇಬಲ್ ನಿಮ್ಮದು, ಎಳೆಯುವುದೂ ನೀವೇ. ಜಾಯಿಂಟ್ ಹಾಕುವುದು, ಸಿಗ್ನಲ್ ಕೊಡುವುದು ನನ್ನ ಕೆಲಸ" ಎಂದರು. ಒಪ್ಪಿದೆವು.

ದುಡ್ಡಿನ ಮಾತೇ ಕಷ್ಟದ್ದು. ಮೀಟರ್ ಲೆಕ್ಕದಲ್ಲಿ ಹಂಚಿದರೆ ತುದಿಯ ಮನೆಯವರು ಸೋಲುತ್ತಾರೆ. ಅಲ್ಲಿರುವುದು ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಎಲ್ಲ ಮನೆಗೂ ಸಮ ಪಾಲು ಎಂದು ಮೊದಲು ಹೇಳಿದ್ದು ರಸ್ತೆ ಪಕ್ಕದ ಮನೆಯ ಹಿರಿಯರು. ಅವರ ಮನೆಗೆ ಬೇಕಾದ ಕೇಬಲ್ ಎಲ್ಲರಿಗಿಂತ ಕಮ್ಮಿ! ಆಮೇಲೆ ಯಾರೂ ತಕರಾರು ಎತ್ತಲಿಲ್ಲ. ಕೆಲಸಕ್ಕೆ, ಒಬ್ಬರ ಕೆಲಸಕ್ಕೆ ಇನ್ನೊಬ್ಬರು ಹೋಗುವ ಮುಯ್ಯಾಳು ಪದ್ಧತಿ ಇದ್ದೇ ಇತ್ತು, ಮನೆಗೊಬ್ಬರು ಬಂದರು.

ದೂರ ಜಾಸ್ತಿ ಎಂದು ಹೆದರಬೇಕಾಗಿಲ್ಲ. ಬೆಳಕು ಎಷ್ಟು ಕಳೆಯಿತು ಎಂದು ಅಳೆಯುವುದು ಡೆಸಿಬಲ್‌ನಲ್ಲಿ; ಒಂದು ಕಿಲೋಮೀಟರ್ ಫೈಬರ್‌ನಲ್ಲಿ ಅರ್ಧ ಡೆಸಿಬಲ್ ಕೂಡ ಕಳೆಯುವುದಿಲ್ಲ. ಒಂದು ಎಳೆಯನ್ನು ಎಂಟು ಮನೆಗೆ ಹಂಚುವ ಸ್ಪ್ಲಿಟರ್ ಮಾತ್ರ ಸುಮಾರು 10 ಡೆಸಿಬಲ್ ತಿನ್ನುತ್ತದೆ. ಆದರೆ ಅದಕ್ಕೆ ಕರೆಂಟ್ ಬೇಡ, ಮರದ ಮೇಲಿನ ಡಬ್ಬಿಯಲ್ಲೇ ಇರಬಹುದು. ಮನೆಯಲ್ಲಿ ಬೆಳಕು ಅಳೆಯುವ ಪವರ್ ಮೀಟರ್ ಇಟ್ಟು ನೋಡಿ. ಮೀಟರ್ ಮೈನಸ್ 27ಕ್ಕಿಂತ ಕೆಳಗೆ ತೋರಿಸಿದರೆ ಸಿಗ್ನಲ್ ಸಾಲದೆ ಮೋಡೆಮ್ಮಿನ ಕೆಂಪು ದೀಪ ಹೊತ್ತಿಕೊಳ್ಳಬಹುದು. ಹೆಚ್ಚಿನ ಸಲ ಕಾರಣ ಕೆಟ್ಟ ಜಾಯಿಂಟ್, ಇಲ್ಲವೇ ಕೇಬಲ್ ಎಲ್ಲೋ ಮಡಚಿಕೊಂಡಿರುತ್ತದೆ.

ಅಡಿಕೆ ಮರಕ್ಕೆ ಕೇಬಲ್ ಕಟ್ಟಲೇಬೇಡಿ. ಗಾಳಿಗೆ ಅದು ತೂಗುತ್ತದೆ, ಸೋಗೆ ಬೀಳುತ್ತದೆ, ಅಡಿಕೆ ಕೊನೆ ತೆಗೆಯುವವರಿಗೂ ಅಡ್ಡ. ನಾವು ಗಟ್ಟಿ ಕಾಡುಮರ ಹುಡುಕಿ, ಹಳೆ ಸೈಕಲ್ ಟ್ಯೂಬಿನಲ್ಲಿ ಸಡಿಲವಾಗಿ ಕಟ್ಟಿದೆವು. ಅಲ್ಲಲ್ಲಿ ಒಂದಷ್ಟು ಕೇಬಲ್ ಸುರುಳಿ ಸುತ್ತಿ ಬಿಟ್ಟೆವು. ಮರ ಬಿದ್ದು ತುಂಡಾದರೆ ಎಳೆದು ಜೋಡಿಸಲು ಅದೇ ಬೇಕು. ಕೇಬಲ್ ಜೊತೆ ಉಕ್ಕಿನ ತಂತಿ ಇದ್ದರೆ ಆ ತಂತಿಯನ್ನು ಮಾತ್ರ ಮನೆ ಹೊರಗೇ ಕತ್ತರಿಸಿಬಿಡಿ, ನಮ್ಮಲ್ಲಿ ಸಿಡಿಲು ಜಾಸ್ತಿ ಅಲ್ವಾ.

ಇಂಥ ಲೈನ್ ಉಳಿಯುವುದೂ ಸಾಯುವುದೂ ಮಳೆಗಾಲದಲ್ಲಿ. ಅದಕ್ಕೇ ಲೈನನ್ನು ತುಂಡು ತುಂಡಾಗಿ ಹಂಚಿಕೊಂಡಿದ್ದೇವೆ. ಯಾರ ತೋಟದಲ್ಲಿ ಹಾದಿದೆಯೋ ಆ ಭಾಗ ಅವರದ್ದು. ಕೊಂಬೆ ಬಿದ್ದರೆ ಅವರೇ ತೆಗೆದು ವಾಟ್ಸಾಪ್ ಗುಂಪಿಗೆ ತಿಳಿಸುತ್ತಾರೆ. ಜಾಯಿಂಟ್ ಖರ್ಚಿಗೆ ತಿಂಗಳು ತಿಂಗಳು ಸ್ವಲ್ಪ ದುಡ್ಡು ಎತ್ತುತ್ತೇವೆ. ಕರೆಂಟ್ ಹೋದಾಗ ಎಷ್ಟೋ ಮನೆಗಳಲ್ಲಿ ಔಷಧಿ ಹೊಡೆಯುವ ಸ್ಪ್ರೇಯರ್‌ನ 12 ವೋಲ್ಟ್ ಬ್ಯಾಟರಿಯೇ ಮೋಡೆಮ್ ನಡೆಸುತ್ತದೆ. ಮೋಡೆಮ್ಮಿನ ಅಡಾಪ್ಟರ್ ಮೇಲೂ 12 ವೋಲ್ಟ್ ಎಂದೇ ಬರೆದಿದೆಯಾ ಎಂದು ನೋಡಿಕೊಳ್ಳಿ.

ನಾಲ್ಕು ಎಳೆಯ ಕೇಬಲ್ ಹಾಕಿದ್ದರಿಂದ ನಮ್ಮ ಇಪ್ಪತ್ತು ಚಿಲ್ಲರೆ ಮನೆಗಳಿಗೆ ಮೂರು ಸಾಕಾಯಿತು. ಉಳಿದ ಒಂದು ಎಳೆಯನ್ನು ಹಳ್ಳದಾಚೆಯವರು ಕೇಳಿದ್ದಾರೆ. ಮಳೆ ಬಿಟ್ಟ ಮೇಲೆ, ಅಡಿಕೆ ಕೊಯ್ಲಿಗೆ ಮೊದಲು ಎಳೆಯಬೇಕು.